ಡಫರಿನ್ ನಿಧಿ

ಡಫರಿನ್ ನಿಧಿ ಎಂಬುದು ಭಾರತದ ಮಹಿಳೆಯರಿಗೆ ಮಹಿಳಾ ವೈದ್ಯರಿಂದಲೇ ಚಿಕಿತ್ಸೆ ಒದಗಿಸುವ ಉದ್ದೇಶದಿಂದ 1885ರಲ್ಲಿ ಸ್ಥಾಪಿತವಾದ ಧರ್ಮಾರ್ಥ ನಿಧಿ. ವೈಸ್‌ರಾಯ್ ಲಾರ್ಡ್ ಡಫರಿನ್ ಅವರ ಪತ್ನಿ ಹ್ಯಾರಿಯಟ್ ಡಫರಿನ್ ಇದರ ಸ್ಥಾಪಕಿ. ಇದನ್ನು ನಡೆಸಿದ ಸಂಸ್ಥೆಯ ಅಧಿಕೃತ ಹೆಸರು ಬಹಳ ಉದ್ದವಾಗಿದ್ದುದರಿಂದ ಜನಬಳಕೆಯಲ್ಲಿ 'ಡಫರಿನ್ ನಿಧಿ' ಎಂಬುದೇ ಉಳಿಯಿತು. ದೇಶದ ಹಲವು ಊರುಗಳ ಹೆರಿಗೆ ಆಸ್ಪತ್ರೆಗಳಿಗೆ ಈ ಹೆಸರು ಬಂದದ್ದು ಇದರಿಂದಲೇ.

ಹಿನ್ನೆಲೆ

ಹತ್ತೊಂಬತ್ತನೆಯ ಶತಮಾನದಲ್ಲಿ ಗೋಷಾ ಪದ್ಧತಿಯ ಕುಟುಂಬಗಳ ಹೆಂಗಸರು ಪುರುಷ ವೈದ್ಯರ ಮುಂದೆ ಬರುತ್ತಿರಲಿಲ್ಲ. ಹೆರಿಗೆ ಕಷ್ಟವಾದಾಗ ಸೂಲಗಿತ್ತಿಯ ಅನುಭವವನ್ನು ಮೀರಿದ ನೆರವು ಅವರಿಗೆ ದೊರೆಯುತ್ತಿರಲಿಲ್ಲ. ಪನ್ನಾ ಸಂಸ್ಥಾನದ ಮಹಾರಾಣಿಯು ತನಗೆ ಚಿಕಿತ್ಸೆ ನೀಡಿದ ಎಲಿಜಬೆತ್ ಬೀಲ್ಬಿ ಅವರ ಮೂಲಕ ಭಾರತದ ಹೆಂಗಸರ ಸಂಕಟವನ್ನು ವಿಕ್ಟೋರಿಯಾ ರಾಣಿಗೆ ತಿಳಿಸಿದರು. ಆ ಸಂದೇಶವನ್ನು ಚಿಕ್ಕದಾಗಿ ಬರೆಸಿ, ಪದಕದೊಳಗಿಟ್ಟು, ರಾಣಿಯನ್ನು ಕಾಣುವವರೆಗೂ ಕೊರಳಲ್ಲಿ ಧರಿಸಿರಬೇಕೆಂದು ಮಹಾರಾಣಿ ಹೇಳಿದರೆಂಬ ಪ್ರಸಂಗವು ಪ್ರಸಿದ್ಧವಾಗಿದೆ. ಬೀಲ್ಬಿ 1881ರಲ್ಲಿ ರಾಣಿಯನ್ನು ಭೇಟಿಯಾದರು. 1884ರಲ್ಲಿ ಡಫರಿನ್ ದಂಪತಿ ಭಾರತಕ್ಕೆ ಹೊರಡುವಾಗ ಈ ವಿಷಯದತ್ತ ಗಮನ ಹರಿಸುವಂತೆ ರಾಣಿ ಸೂಚಿಸಿದ್ದರು.

ನಿಧಿಗೆ ಮೂರು ಗುರಿಗಳಿದ್ದವು: ಮಹಿಳೆಯರಿಗೆ ವೈದ್ಯಶಿಕ್ಷಣ, ಮಹಿಳೆಯರ ಆಸ್ಪತ್ರೆ ಮತ್ತು ಔಷಧಾಲಯಗಳ ಸ್ಥಾಪನೆ, ಹಾಗೂ ತರಬೇತಿ ಪಡೆದ ದಾದಿಯರು ಮತ್ತು ಸೂಲಗಿತ್ತಿಯರ ಪೂರೈಕೆ. ಧರ್ಮಪ್ರಚಾರಕ್ಕೆ ಇದರಲ್ಲಿ ಅವಕಾಶವಿರಲಿಲ್ಲ. ಮಿಷನರಿ ಆಸ್ಪತ್ರೆಗಳಿಗೂ ಡಫರಿನ್ ಆಸ್ಪತ್ರೆಗಳಿಗೂ ಇದ್ದ ಮುಖ್ಯ ವ್ಯತ್ಯಾಸ ಇದೇ.

ಹಣ ಸಂಗ್ರಹ

ನಿಧಿಯು ಸರ್ಕಾರದ ಇಲಾಖೆಯಾಗಿರಲಿಲ್ಲ. ವಂತಿಗೆ ಮತ್ತು ದೇಣಿಗೆಗಳೇ ಅದರ ಆಧಾರ. ಆದರೆ ರಾಣಿಯೇ ಪೋಷಕಿ, ವೈಸ್‌ರಾಯ್ ಪತ್ನಿ ಅಧ್ಯಕ್ಷೆ, ಪ್ರಾಂತ್ಯಗಳ ಶಾಖೆಗಳಿಗೆ ಗವರ್ನರುಗಳ ಪತ್ನಿಯರು ಮುಖ್ಯಸ್ಥೆಯರು ಎಂಬ ವ್ಯವಸ್ಥೆ ಇದ್ದ ಮೇಲೆ, ಕೇಳಿದಾಗ ಇಲ್ಲವೆನ್ನುವ ಧೈರ್ಯ ಅಂದಿನ ಸಂಸ್ಥಾನಿಕರಿಗಾಗಲಿ ಜಮೀನ್ದಾರರಿಗಾಗಲಿ ಸುಲಭವಾಗಿ ಬರುವಂತಿರಲಿಲ್ಲ. ನೃತ್ಯಕೂಟ, ಹವ್ಯಾಸಿ ನಾಟಕ, ಮಾರಾಟ ಮೇಳಗಳಂತಹ ಸಂತೋಷಕೂಟಗಳು ಆ ಕಾಲದ ಧರ್ಮಾರ್ಥ ಹಣಸಂಗ್ರಹದ ರೂಢಿಯ ವಿಧಾನಗಳಾಗಿದ್ದವು. 1887ರಲ್ಲಿ ವಿಕ್ಟೋರಿಯಾ ಆಳ್ವಿಕೆಯ ಐವತ್ತನೆಯ ವರ್ಷದ ಉತ್ಸವವು ನಿಧಿಗೆ ದೊಡ್ಡ ಬಲ ನೀಡಿತು. ಕೊಡುಗೆಯ ಹಿಂದೆ ಕರುಣೆ ಎಷ್ಟು, ಬಿರುದಿನ ಆಸೆ ಎಷ್ಟು ಎಂಬ ಪ್ರಶ್ನೆಯನ್ನು ಇತಿಹಾಸಕಾರರು ಎತ್ತಿದ್ದಾರೆ. ಏನಿದ್ದರೂ ಆ ಹಣದಿಂದ ಎದ್ದ ಕಟ್ಟಡಗಳಲ್ಲಿ ಹೆರಿಗೆಗಳು ನಡೆದವು.

1888ರಲ್ಲಿ ಲೇಡಿ ಡಫರಿನ್ ಭಾರತವನ್ನು ಬಿಟ್ಟಾಗ ರಡ್ಯಾರ್ಡ್ ಕಿಪ್ಲಿಂಗ್ ಈ ಕಾರ್ಯವನ್ನು ಕುರಿತು ಕವನ ಬರೆದರು.

ಮದ್ರಾಸ್ ಪ್ರಾಂತ್ಯ ಮತ್ತು ಕನ್ನಡ ನಾಡು

ಹಚ್ಚೊಳ್ಳಿ, ಸಿರುಗುಪ್ಪ ಮೊದಲಾದ ಊರುಗಳನ್ನು ಒಳಗೊಂಡ ಬಳ್ಳಾರಿ ಜಿಲ್ಲೆಯು ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಅದರ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಪ್ರಾಂತ್ಯದ ರಾಜಧಾನಿ ಮದ್ರಾಸಿನಲ್ಲಿ ಮೇರಿ ಷಾರ್ಲೀಬ್ 1885ರಲ್ಲಿ ಗೋಷಾ ಮಹಿಳೆಯರಿಗಾಗಿ ಆಸ್ಪತ್ರೆ ಆರಂಭಿಸಿದರು. ಅವರು 1875ರಲ್ಲಿ ಮದ್ರಾಸ್ ವೈದ್ಯಕೀಯ ಕಾಲೇಜಿಗೆ ಸೇರಿದ ಮೊದಲ ನಾಲ್ವರು ಮಹಿಳೆಯರಲ್ಲಿ ಒಬ್ಬರು. ವೆಂಕಟಗಿರಿಯ ರಾಜರು ಈ ಆಸ್ಪತ್ರೆಯ ಕಟ್ಟಡಕ್ಕೆ ದೊಡ್ಡ ದೇಣಿಗೆ ನೀಡಿದರು. ಇಂದು ಅದು ಕಸ್ತೂರಬಾ ಗಾಂಧಿ ಆಸ್ಪತ್ರೆ. ಆದರೆ ಇಂತಹ ಸಂಸ್ಥೆಗಳು ದೊಡ್ಡ ಪಟ್ಟಣಗಳಲ್ಲಿಯೇ ನೆಲೆಗೊಂಡವು. ತುಂಗಭದ್ರೆಯ ದಡದ ಹಳ್ಳಿಯ ಬಾಣಂತಿಗೆ ಮದ್ರಾಸಿನ ಆಸ್ಪತ್ರೆ ಇದ್ದೂ ಇಲ್ಲದಂತೆಯೇ. ಬಳ್ಳಾರಿಯಲ್ಲಿ ವೈದ್ಯಕೀಯ ಕಾಲೇಜು ಆರಂಭವಾದದ್ದು 1961ರಲ್ಲಿ.

ಮೈಸೂರು ಸಂಸ್ಥಾನದಲ್ಲಿ ಅರಮನೆಯ ಹೆಸರು ಮಹಿಳಾ ಆಸ್ಪತ್ರೆಗಳೊಂದಿಗೆ ಬೆಸೆದುಕೊಂಡಿದೆ. 1935ರಲ್ಲಿ ಆರಂಭವಾದ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯು, 1895ರಿಂದ 1902ರವರೆಗೆ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಬಿರುದನ್ನು ಹೊತ್ತಿದೆ.

ಟೀಕೆ

ನಿಧಿಯ ಆಸ್ಪತ್ರೆಗಳಲ್ಲಿ ಮಹಿಳಾ ವೈದ್ಯರು ಬಹುಮಟ್ಟಿಗೆ ಪುರುಷ ಸಿವಿಲ್ ಸರ್ಜನ್‌ಗಳ ಅಧೀನದಲ್ಲಿದ್ದರು. ಭಾರತೀಯ ವೈದ್ಯೆಯರಿಗೆ ಯುರೋಪಿಯನ್ನರ ಸಮಾನ ಸ್ಥಾನ ಸಿಗುತ್ತಿರಲಿಲ್ಲ. 1888ರಲ್ಲಿ ಕಲ್ಕತ್ತೆಯ ಡಫರಿನ್ ಮಹಿಳಾ ಆಸ್ಪತ್ರೆಗೆ ತಿಂಗಳಿಗೆ 300 ರೂಪಾಯಿ ಸಂಬಳದ ಮೇಲೆ ನೇಮಕಗೊಂಡ ಕಾದಂಬಿನಿ ಗಂಗೂಲಿ ಅವರು, ಹೆಚ್ಚಿನ ಅರ್ಹತೆಗಾಗಿ 1893ರಲ್ಲಿ ಬ್ರಿಟನ್ನಿಗೆ ಹೋಗಬೇಕಾಯಿತು. ವೈದ್ಯೆಯರು 1907ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡು ಒತ್ತಾಯಿಸಿದ ಬಳಿಕ, 1914ರಲ್ಲಿ ಸರ್ಕಾರದ ಸಹಾಯಧನದೊಡನೆ ಮಹಿಳಾ ವೈದ್ಯಕೀಯ ಸೇವೆಯು ರೂಪುಗೊಂಡಿತು.

ಸಾಂಪ್ರದಾಯಿಕ ಸೂಲಗಿತ್ತಿಯರನ್ನು ಅಜ್ಞಾನಿಗಳೆಂದೇ ಕಂಡದ್ದು ಇನ್ನೊಂದು ದೋಷ. ಲೇಡಿ ಕರ್ಜನ್ 1903ರಲ್ಲಿ ಅವರ ತರಬೇತಿಗಾಗಿ ಪ್ರತ್ಯೇಕ ವಿದ್ಯಾರ್ಥಿವೇತನ ನಿಧಿ ಸ್ಥಾಪಿಸಿದರು. ಅವರ ಅನುಭವಕ್ಕೆ ಗೌರವ ಸಲ್ಲಲು ಬಹುಕಾಲ ಹಿಡಿಯಿತು. ಪಾವಗಡದ ಸೂಲಗಿತ್ತಿ ನರಸಮ್ಮ ಅವರಿಗೆ ಪದ್ಮಶ್ರೀ ದೊರೆತದ್ದು 2018ರಲ್ಲಿ.