ಜಾಂಬಿಯದ ಆರ್ಥಿಕ ಮುಗ್ಗಟ್ಟು ಮತ್ತು ಸಮುದಾಯ ಶಾಲೆಗಳು

ಬೊಕ್ಕಸ ಬರಿದಾಗಿ ಸರಕಾರ ಹಿಂಜರಿದ ಎಡೆಗಳಲ್ಲಿ ಲಾಭಾಪೇಕ್ಷೆಯಿಲ್ಲದ ಸಂಸ್ಥೆಗಳು ವಿದ್ಯಾಪ್ರಸಾರದ ಹೊಣೆಯನ್ನು ಹೊರುತ್ತವೆಂಬುದು ರೂಢಿಯ ನಂಬಿಕೆ. ಆ ಹೊಣೆಯ ಭಾರ ಕಟ್ಟಕಡೆಗೆ ಯಾರ ಹೆಗಲಿಗೆ ಬೀಳುತ್ತದೆಂಬುದನ್ನು ವಿಚಾರಿಸಲು ಆಫ್ರಿಕದ ಜಾಂಬಿಯ ದೇಶದ ಇತಿಹಾಸವು ತಕ್ಕ ನಿದರ್ಶನವಾಗಿದೆ.

1964ರಲ್ಲಿ ಸ್ವತಂತ್ರವಾದಾಗ ಆ ದೇಶದಲ್ಲಿ ಪದವೀಧರರಾದ ಆಫ್ರಿಕನರ ಸಂಖ್ಯೆ ಸುಮಾರು ನೂರು ಮಾತ್ರ. ಕೆನೆತ್ ಕೌಂಡರ ಸರಕಾರವು ಶುಲ್ಕವನ್ನು ರದ್ದುಗೊಳಿಸಿ ಶಾಲೆಗಳನ್ನು ವೇಗವಾಗಿ ವಿಸ್ತರಿಸಿತು. 1966ರಲ್ಲಿ ಲುಸಾಕದಲ್ಲಿ ವಿಶ್ವವಿದ್ಯಾನಿಲಯವೂ ಪ್ರಾರಂಭವಾಯಿತು. ಈ ವೆಚ್ಚಕ್ಕೆಲ್ಲ ತಾಮ್ರವೇ ಆಧಾರ. ರಫ್ತಿನ ಆದಾಯದ ಹತ್ತರಲ್ಲಿ ಒಂಬತ್ತು ಪಾಲು ಅದರಿಂದಲೇ ಬರುತ್ತಿತ್ತು.

1973ರಲ್ಲಿ ತೈಲದ ಬೆಲೆ ಏರಿತು. 1974–75ರಲ್ಲಿ ತಾಮ್ರದ ಬೆಲೆ ಕುಸಿಯಿತು. ಮುಂದೆ ಸಾಲ ಬೆಳೆಯಿತು. 1980ರ ದಶಕದಲ್ಲಿ ಸಾಲ ಕೊಟ್ಟವರ ಷರತ್ತುಗಳಿಗೆ ಅನುಸಾರವಾಗಿ ವೆಚ್ಚವನ್ನು ಕಡಿತಗೊಳಿಸಬೇಕಾಯಿತು. ಉಪಾಧ್ಯಾಯರ ವೇತನವು ಬೆಲೆಯೇರಿಕೆಯಲ್ಲಿ ಕರಗಿತು. ಶಾಲೆಯ ಖರ್ಚಿನಲ್ಲಿ ತಂದೆತಾಯಿಗಳೂ ಪಾಲುಗೊಳ್ಳಬೇಕಾಯಿತು. ಇದರೊಡನೆ ಏಡ್ಸ್ ವ್ಯಾಧಿಯು ಅಸಂಖ್ಯ ಮಕ್ಕಳನ್ನು ಅನಾಥರನ್ನಾಗಿಸಿತು.

ಈ ಸನ್ನಿವೇಶದಲ್ಲಿ, 1990ರ ದಶಕದಲ್ಲಿ, ಸಮುದಾಯ ಶಾಲೆಗಳು ತಲೆಯೆತ್ತಿದವು. ಸ್ಥಳೀಯರು, ಚರ್ಚುಗಳು, ಸ್ವಯಂಸೇವಾ ಸಂಸ್ಥೆಗಳು ಇವುಗಳನ್ನು ಕಟ್ಟಿದವು. ಸಮವಸ್ತ್ರದ ಕಟ್ಟುಪಾಡಿಲ್ಲ, ಶುಲ್ಕವಿಲ್ಲ, ಇದ್ದರೂ ಅತ್ಯಲ್ಪ. 2006ರ ಹೊತ್ತಿಗೆ ಇವುಗಳ ಸಂಖ್ಯೆ ಎರಡು ಸಾವಿರವನ್ನು ಮೀರಿತ್ತು. ಬಡ ಮಕ್ಕಳಿಗೆ ಅಕ್ಷರದ ಬಾಗಿಲು ತೆರೆದ ಈ ಸಾಧನೆ ಸಾಮಾನ್ಯವಾದುದಲ್ಲ.

ಆದರೆ ಈ ಶಾಲೆಗಳು ನಿಂತದ್ದು ಯಾರ ತ್ಯಾಗದ ಮೇಲೆ? ಬೋಧಕರಲ್ಲಿ ಬಹುಮಂದಿ ತರಬೇತಿಯಿಲ್ಲದ ಸ್ಥಳೀಯ ಸ್ವಯಂಸೇವಕರು. ಅನೇಕರಿಗೆ ದೊರೆಯುತ್ತಿದ್ದುದು ಊರವರು ಕೊಟ್ಟ ಕಿಂಚಿತ್ ಹಣ ಅಥವಾ ಧಾನ್ಯ ಮಾತ್ರ. ಅಭಾವದ ಕಾಲದಲ್ಲಿ ಅದೂ ನಿಲ್ಲುವುದು ಸಹಜ. ಹೊರದೇಶಗಳ ನೆರವೂ ಸ್ಥಿರವಲ್ಲ. 2021ರಲ್ಲಿ ಬ್ರಿಟನ್ ತನ್ನ ಆರ್ಥಿಕ ಸಂಕಷ್ಟವನ್ನು ಮುಂದಿಟ್ಟು, ಬಡ ದೇಶಗಳಿಗೆ ನೀಡುವ ನೆರವನ್ನು ರಾಷ್ಟ್ರೀಯ ವರಮಾನದ ಶೇಕಡ 0.7ರಿಂದ 0.5ಕ್ಕೆ ಇಳಿಸಿದುದು ಇದಕ್ಕೆ ಸಾಕ್ಷಿ. ಅಗತ್ಯವು ಹೆಚ್ಚಿದ ಕಾಲದಲ್ಲಿಯೇ ಒದಗುವ ಧನವು ಕ್ಷೀಣಿಸುವುದು ಇಂತಹ ಸೇವೆಯ ಮೂಲಭೂತ ಸಂಕಟ.

2002ರಲ್ಲಿ ಜಾಂಬಿಯ ಸರಕಾರವು ಪ್ರಾಥಮಿಕ ಶಿಕ್ಷಣದ ಶುಲ್ಕವನ್ನು ಮತ್ತೆ ರದ್ದುಪಡಿಸಿತು. 2011ರ ಶಿಕ್ಷಣ ಶಾಸನದಲ್ಲಿ ಸಮುದಾಯ ಶಾಲೆಗಳಿಗೆ ಸ್ಥಾನ ದೊರೆಯಿತು. ಆದರೂ ಮುಗ್ಗಟ್ಟಿನ ಕಾಲಕ್ಕೆಂದು ಹುಟ್ಟಿದ ಈ ಶಾಲೆಗಳು ಮರೆಯಾಗಲಿಲ್ಲ. ತಾತ್ಕಾಲಿಕ ಏರ್ಪಾಡೇ ಬಡವರ ಪಾಲಿಗೆ ಶಾಶ್ವತ ವ್ಯವಸ್ಥೆಯಾಯಿತು.

ಇದರಿಂದ ತಿಳಿದುಬರುವುದಿಷ್ಟು: ಸೇವಾಸಂಸ್ಥೆಗಳು ಮುಗ್ಗಟ್ಟಿನ ಹೊಡೆತವನ್ನು ತಡೆಯಬಲ್ಲವು, ಅದರ ಬೆಲೆಯನ್ನು ಇಲ್ಲವಾಗಿಸಲಾರವು. ಬೊಕ್ಕಸದಲ್ಲಿ ಉಳಿದ ಹಣವನ್ನು ವೇತನವಿಲ್ಲದ ಬೋಧಕನೇ ತೆತ್ತಿರುತ್ತಾನೆ. ಶಾಲೆಗಳ ಸಂಖ್ಯೆಯನ್ನು ಎಣಿಸುವ ಇತಿಹಾಸಕಾರನು ಈ ಲೆಕ್ಕವನ್ನೂ ಬರೆದಿಡಬೇಕಾಗುತ್ತದೆ.