ಬೇಟೆಗಾರನ ಚೀಲ, ದಾಸಯ್ಯನ ಜೋಳಿಗೆ

ಪುಸ್ತಕದಂಗಡಿಯಲ್ಲಿ ಪಕ್ಕದಲ್ಲಿ ನಿಂತಿದ್ದ ಹುಡುಗ ಕಥಾಸಂಕಲನವೊಂದನ್ನು ತಿರುವಿಹಾಕುತ್ತ ಗೆಳೆಯನನ್ನು ಕೇಳಿದ, 'ಓದಿದೀಯೇನೋ ಇದನ್ನ?' ಗೆಳೆಯ, 'ಹೂಂ, ಒಂಥರಾ ಮಿಕ್ಸೆಡ್ ಬ್ಯಾಗ್ ಕಣೋ' ಅಂದ. ಪುಸ್ತಕ ಅಲ್ಲೇ ಕಪಾಟಿಗೆ ಮರಳಿತು. ಯಾವ ಕಥೆ ಕಾಡಿತು, ಯಾವುದು ಸಪ್ಪೆಯಾಯಿತು ಎಂದು ಅವನು ಹೇಳಲಿಲ್ಲ, ಇವನು ಕೇಳಲೂ ಇಲ್ಲ. ಈಚೆಗೆ ಸಿನಿಮಾ, ಬಜೆಟ್, ಕ್ರಿಕೆಟ್ ತಂಡದ ಪ್ರವಾಸ, ಕೊನೆಗೆ ಮದುವೆಮನೆಯ ಊಟಕ್ಕೂ ಇದೊಂದೇ ಮಾತು. ನನಗೆ ಇದು ಸೇರದು. ಇಂಗ್ಲಿಷಿನದೆಂಬ ತಕರಾರು ನನಗಿಲ್ಲ, ಬಸ್ಸು ಸ್ಕೂಲುಗಳನ್ನು ನಮ್ಮವಾಗಿಸಿಕೊಂಡವರು ನಾವು. ಆದರೆ ಈ ಮಾತು ಬಂತೆಂದರೆ ಮಾತುಕತೆಯೇ ನಿಂತುಹೋಗುತ್ತದೆ.

ಹುಟ್ಟಿದೂರಲ್ಲಿ ಇದರ ಗುಣ ಬೇರೆಯೇ ಇತ್ತು. ಇಂಗ್ಲೆಂಡಿನ ಬೇಟೆಗಾರರ ಬಾಯಲ್ಲಿ 'ಬ್ಯಾಗ್' ಎಂದರೆ ಆ ದಿನ ಹೊಡೆದ ಬೇಟೆಯ ಮೊತ್ತ. ಅಲ್ಲಿನ 1831ರ ಬೇಟೆ ಕಾಯಿದೆ ಒಂದೊಂದು ಹಕ್ಕಿಗೂ ಒಂದೊಂದು ಋತು ಗೊತ್ತುಮಾಡಿತ್ತು: ಗ್ರೌಸ್ ಹಕ್ಕಿಗೆ ಆಗಸ್ಟ್ 12ರಿಂದ, ಗೌಜಲಹಕ್ಕಿಗೆ ಸೆಪ್ಟೆಂಬರ್ 1ರಿಂದ, ಫೆಸೆಂಟಿಗೆ ಅಕ್ಟೋಬರ್ 1ರಿಂದ. ಗ್ರೌಸ್ ಬೇಟೆ ಡಿಸೆಂಬರ್ 10ಕ್ಕೆ ಮುಗಿಯುತ್ತಿತ್ತು. ಮೂರೂ ಹಕ್ಕಿ ಒಂದೇ ಚೀಲಕ್ಕೆ ಬೀಳಬೇಕಾದರೆ ಅಕ್ಟೋಬರ್ ಮೊದಲ ದಿನದಿಂದ ಡಿಸೆಂಬರ್ ಹತ್ತರೊಳಗೇ ಬೀಳಬೇಕು. ಬೆರಕೆ ಚೀಲ ಬೇಟೆಗಾರನಿಗೆ ಹೆಮ್ಮೆಯದಾಗಿದ್ದು ಈ ಪಂಚಾಂಗದಿಂದಲೇ ಎಂಬುದು ನನ್ನ ವಾದ. ಯಾರೂ ಒಪ್ಪದಿದ್ದರೂ ನಾನು ಬಿಡುವವನಲ್ಲ. ದೊಡ್ಡ ಜಮೀನುದಾರರು ಇಟ್ಟುಕೊಳ್ಳುತ್ತಿದ್ದ ಬೇಟೆಯ ಲೆಕ್ಕದ ಪುಸ್ತಕ ನೋಡಿ: ಫೆಸೆಂಟಿಗೊಂದು ಕಾಲಂ, ಗೌಜಲಹಕ್ಕಿಗೊಂದು, ಮೊಲಕ್ಕೊಂದು. 'ಇತರೆ' ಎಂಬುದು ಕೊನೆಯ ಸಣ್ಣ ಕಾಲಂ. ಬೆರೆತದ್ದನ್ನು ಸಂಜೆ ಬಿಡಿಸಿ, ಎಣಿಸಿ, ಹೆಸರಿಟ್ಟು ಬರೆಯುತ್ತಿದ್ದರು. ನಮ್ಮ ಬಾಯಿಗೆ ಬರುವ ಹೊತ್ತಿಗೆ ಆ ಕಾಲಂಗಳೆಲ್ಲ ಅಳಿಸಿಹೋಗಿ 'ಇತರೆ' ಒಂದೇ ಉಳಿಯಿತು.

ಕನ್ನಡದಲ್ಲಿ 'ಕಲಸುಮೇಲೋಗರ' ಇದೆಯಲ್ಲ ಎನ್ನುವವರಿದ್ದಾರೆ. ಅದು ಬೈಗುಳ. ಅದರಲ್ಲಿ ಒಳ್ಳೆಯದಕ್ಕೆ ಜಾಗವಿಲ್ಲ.

ನನಗೆ ನೆನಪಾಗುವುದು ಜೋಳಿಗೆ. ನಮ್ಮೂರಿಗೆ ಸುಗ್ಗಿ ಮುಗಿದ ಮೇಲೆ ಒಬ್ಬ ದಾಸಯ್ಯ ಬರುತ್ತಿದ್ದ. ಶಂಖ ಊದಿ, ಜಾಗಟೆ ಬಡಿದು ಬಾಗಿಲಲ್ಲಿ ನಿಂತರೆ ಅಜ್ಜಿ ಮೊರ ಹಿಡಿದು ಹೊರಗೆ ಬರುವಳು. ಬಂದವಳು ತಟ್ಟನೆ ಸುರಿಯುತ್ತಿರಲಿಲ್ಲ. 'ಏನೇನು ಬಿದ್ದಿದೆಯೋ ದಾಸಪ್ಪ?' ಎಂದು ಕೇಳುವಳು. ಅವನು ಜೋಳಿಗೆಯ ಬಾಯಿ ಅಗಲಿಸಿ ತೋರಿಸಿ, 'ಗೌಡರ ಮನೇದು ರಾಗಿ ತಾಯಿ, ಶಾನುಭೋಗರ ಮನೇದು ಅಕ್ಕಿ, ಮೇಗಲ ಕೇರಿಯೋರದು ಅವರೆಕಾಳು' ಎನ್ನುವನು. ಕಾಳಿನ ಮೇಲೆ ಹಿಟ್ಟು ಹಾಕಬಾರದು, ಎರಡೂ ಕೆಡುತ್ತವೆ ಎಂಬುದು ಅಜ್ಜಿಯ ಕಟ್ಟುನಿಟ್ಟು. ಮನೆಯಲ್ಲಿ ಅಂದು ಹಿಟ್ಟೇ ಇದ್ದರೆ ಅವನು ಹೆಗಲ ವಲ್ಲಿಯ ಅಂಚು ಒಡ್ಡುವನು, ಅವಳು ಹಾಕಿದ ಮೇಲೆ ಗಂಟು ಕಟ್ಟಿಕೊಳ್ಳುವನು. ಮೆಣಸಿನಕಾಯಿ ಇನ್ನೊಂದು ಗಂಟಿಗೆ. ಹುಣಸೆಹಣ್ಣಿಗೆ ಮುತ್ತುಗದ ಎಲೆ. ಸಂಜೆ ಊರ ಛತ್ರದ ಜಗಲಿಯಲ್ಲಿ ಅವನ ಹೆಂಡತಿ ಎಲ್ಲವನ್ನೂ ಮೊರಕ್ಕೆ ಸುರಿದುಕೊಂಡು ಕೇರುತ್ತ ಅಕ್ಕಿ ಬೇರೆ, ರಾಗಿ ಬೇರೆ ಮಾಡುತ್ತಿದ್ದಳು. ನಾವು ಹುಡುಗರು ಸುತ್ತ ಕೂತು, ಇದು ನಮ್ಮನೆ ಅಕ್ಕಿ, ಇದು ನಿಮ್ಮನೇದು ಎಂದು ಜಗಳವಾಡುತ್ತಿದ್ದೆವು. ಆಕೆ ನಗದೆ, ಬೇಸರಿಸದೆ, ಯಾವ ಕಾಳು ಯಾರ ಮನೆಯದೆಂದು ತೀರ್ಪು ಕೊಡುತ್ತಿದ್ದಳು. ಕೆಂಪಕ್ಕಿಯ ನಡುವೆ ಹುಳು ಹಿಡಿದ ನುಚ್ಚು ಹಾಕಿದ ಮನೆ ಯಾವುದೆಂಬುದೂ ಅವಳಿಗೆ ಗೊತ್ತಿತ್ತು. ಅದನ್ನೂ ಹೇಳುತ್ತಿದ್ದಳು.

ಆ ಪುಸ್ತಕದ ಬಗ್ಗೆ, ಆ ಬಜೆಟ್ಟಿನ ಬಗ್ಗೆ ನನಗೆ ಬೇಕಾದದ್ದು ಇಂಥ ಮಾತು.

ಜೋಳಿಗೆಗೆ ಒಳ್ಳೆಯದೇ ಬೀಳಬೇಕೆಂದೂ ಇಲ್ಲ. ಇಳಕಲ್ಲಿನ ಮಹಾಂತ ಶಿವಯೋಗಿಗಳು ಊರೂರಿಗೆ ಜೋಳಿಗೆ ಹಿಡಿದು ಹೋಗಿ ಜನರಿಂದ ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡಿದರು. ಅದೇ 'ಮಹಾಂತ ಜೋಳಿಗೆ' ಎಂದು ಹೆಸರಾಯಿತು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ಕರ್ನಾಟಕದಲ್ಲಿ ವ್ಯಸನಮುಕ್ತ ದಿನ. ಆ ಚೀಲದ ಮುಂದೆ ನಿಂತವನಿಗೆ 'ಏನೋ ಒಂದಿಷ್ಟು ಕೆಟ್ಟ ಅಭ್ಯಾಸ' ಎಂದು ತೇಲಿಸಿ ಪಾರಾಗುವ ದಾರಿ ಇರಲಿಲ್ಲ. ಬೀಡಿಯೋ, ಗುಟ್ಕಾವೋ, ಹೆಂಡವೋ, ಬಿಡುವುದು ಯಾವುದನ್ನು ಎಂದು ಅವನೇ ಹೇಳಬೇಕಿತ್ತು.