ಎದ್ದು ಹೋದ ಮೇಲೂ ಉಳಿಯುವ ಕೋಣೆ: ಎಐ ಏಜೆಂಟ್ ಮತ್ತು ಕ್ಲೌಡ್ ಪರಿಸರದ ಪೂರ್ವಚರಿತ್ರೆ

ಇದರಲ್ಲಿ ಚರಿತ್ರೆ ಎಲ್ಲಿದೆ ಅಂತ ಕೆಲವರಿಗೆ ಅನಿಸಿರಬಹುದು. ಎಐ ಏಜೆಂಟ್ ಅಂದರೆ ನಾವು ಹೇಳಿದ ಕೆಲಸಕ್ಕೆ ತಾನೇ ಕೋಡ್ ಬರೆದು, ಓಡಿಸಿ, ತಪ್ಪು ಬಂದರೆ ತಿದ್ದಿಕೊಳ್ಳುವ ತಂತ್ರಾಂಶ. ಅದಕ್ಕೆ ದೂರದ ಡೇಟಾ ಸೆಂಟರಿನಲ್ಲಿ ಒಂದು ಕಂಪ್ಯೂಟರ್ ಕೊಡುತ್ತಾರೆ. ನಾವು ಲ್ಯಾಪ್‌ಟಾಪ್ ಮುಚ್ಚಿದರೂ ಕಡತ, ಅರ್ಧ ಮುಗಿದ ಕೆಲಸ ಅಲ್ಲಿ ಹಾಗೇ ಇರುತ್ತವೆ. ನನ್ನ ವಾದ ಇಷ್ಟೆ: ಕಡತಗಳ ಜೊತೆಗೆ ಅಲ್ಲಿ ಉಳಿದುಬಿಡುವ ಬೀಗದ ಕೈ ಯಾರಿಗೆ ಸಿಗುತ್ತದೆ ಎಂಬ ಪ್ರಶ್ನೆ ಏಜೆಂಟ್‌ಗಳಿಗಿಂತ ಅರವತ್ತು ವರ್ಷ ಹಳೆಯದು.

1961ರ ನವೆಂಬರಿನಲ್ಲಿ ಅಮೆರಿಕದ ಎಂಐಟಿಯಲ್ಲಿ ಫೆರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯನ್ನು ತೋರಿಸಿದರು. ಒಂದೇ ಯಂತ್ರ, ಹಲವು ಟರ್ಮಿನಲ್. ಎದ್ದು ಹೋದವನ ಕಡತ ಅಲ್ಲೇ ಉಳಿಯಬೇಕಾದಾಗ ಪಕ್ಕದವನು ನೋಡಬಾರದಲ್ಲ? ಪಾಸ್‌ವರ್ಡ್ ಬಂದದ್ದು ಹಾಗೆ. ಅದರ ಬೆನ್ನಿಗೇ ಕಳ್ಳತನವೂ ಬಂತು ನೋಡಿ. ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ಕೊಟ್ಟ ಯಂತ್ರದ ಸಮಯ ಸಾಲುತ್ತಿರಲಿಲ್ಲ. 1962ರಲ್ಲಿ ಆತ ಪಾಸ್‌ವರ್ಡ್ ಕಡತವನ್ನೇ ಮುದ್ರಿಸಿಕೊಂಡು ಬೇರೆಯವರ ಹೆಸರಲ್ಲಿ ಕೆಲಸ ಮುಂದುವರಿಸಿದ. (ಪಿಎಚ್‌ಡಿ ಮಾಡುವವರಿಗೆ ಅವನ ಕಷ್ಟ ಅರ್ಥವಾಗುತ್ತೆ!) 1966ರಲ್ಲಿ ಇನ್ನೊಂದು ಎಡವಟ್ಟಾಯಿತು: ಸ್ವಾಗತ ಸಂದೇಶದ ಜಾಗದಲ್ಲಿ ಎಲ್ಲರ ಪಾಸ್‌ವರ್ಡ್ ಪಟ್ಟಿಯೇ ಪ್ರತಿ ಟರ್ಮಿನಲ್‌ಗೂ ಬಂತು. ಯಾರೂ ಕದ್ದದ್ದಲ್ಲ, ಎರಡು ಕಡತ ಅದಲುಬದಲಾಗಿತ್ತು ಅಷ್ಟೆ.

ಮುಂದಿನ ದಶಕಗಳನ್ನು ಬೇಗ ದಾಟುತ್ತೇನೆ. 1987ರಲ್ಲಿ ಬಂದ 'ಸ್ಕ್ರೀನ್' ಎಂಬ ಪ್ರೋಗ್ರಾಂ, ಸಂಪರ್ಕ ಕಡಿದರೂ ಕೆಲಸ ನಿಲ್ಲದಂತೆ ಮಾಡಿತು. 2013ರ ಡಾಕರ್ ತದ್ವಿರುದ್ಧ ಅಭ್ಯಾಸವನ್ನು ಹರಡಿತು: ಊಟವಾದ ಮೇಲೆ ಬಾಳೆಲೆ ಎಸೆದ ಹಾಗೆ, ಕೆಲಸ ಮುಗಿದ ಮೇಲೆ ಪರಿಸರವನ್ನೇ ಎಸೆಯುವುದು. ಏಜೆಂಟ್‌ಗಳಿಗೆ ಇದು ಒಗ್ಗಲಿಲ್ಲ. ಗಂಟೆಗಟ್ಟಲೆ ನಡೆಯುವ ಕೆಲಸಕ್ಕೆ ಪ್ರತಿಸಲ ಹೊಸ ಎಲೆ ಹಾಕುತ್ತಾ ಕೂತರೆ ಊಟ ಮುಗಿಯುವುದು ಯಾವಾಗ?

ಹಾಗಾಗಿ ಉಳಿಯುವ ಕೋಣೆ ಮರಳಿ ಬಂತು, ಹಳೆಯ ಪ್ರಶ್ನೆಯೂ ಬಂತು. 2025ರ ಮೇ ತಿಂಗಳಲ್ಲಿ ಬಂದ ಓಪನ್‌ಎಐ ಕೋಡೆಕ್ಸ್‌ನ ಕ್ಲೌಡ್ ವ್ಯವಸ್ಥೆಯಲ್ಲಿ ಗುಪ್ತ ಕೀಲಿಗಳು ಕೋಣೆ ಸಿದ್ಧಮಾಡುವಾಗ ಮಾತ್ರ ಇರುತ್ತವೆ. ಏಜೆಂಟ್ ಒಳಬರುವ ಮುಂಚೆ ಅವನ್ನು ತೆಗೆಯುತ್ತಾರೆ. ಅದೇ ಜುಲೈನಲ್ಲಿ ರೆಪ್ಲಿಟ್‌ನ ಏಜೆಂಟ್, ಏನನ್ನೂ ಬದಲಿಸಬೇಡ ಅಂದಿದ್ದರೂ, ಒಬ್ಬ ಉದ್ಯಮಿಯ ಬಳಕೆಯಲ್ಲಿದ್ದ ಡೇಟಾಬೇಸನ್ನು ಅಳಿಸಿತು. ಮರಳಿ ತರಲಾಗದು ಎಂದೂ ಹೇಳಿತು, ಆದರೆ ತರಲು ಸಾಧ್ಯವಾಯಿತು. ಆಮೇಲೆ ಕಂಪನಿಯು ಪ್ರಯೋಗದ ಡೇಟಾಬೇಸನ್ನೂ ನಿಜವಾದದ್ದನ್ನೂ ಬೇರ್ಪಡಿಸಿತು. ಶೆರ್ ಬೇಕೆಂದೇ ಮಾಡಿದ. ಏಜೆಂಟ್‌ಗೆ ಅಂಥ ಉದ್ದೇಶ ಬೇಕಾಗಲಿಲ್ಲ, ಬಾಗಿಲು ತೆರೆದಿತ್ತು. ನನಗೆ ಇದು 1966ರ ಘಟನೆಗೇ ಹೆಚ್ಚು ಹತ್ತಿರ ಕಾಣುತ್ತದೆ.

ಕಾಸರಗೋಡಿನ ಗೆಳೆಯರೊಬ್ಬರು ಕೇಳಿದ್ದಾರೆ: ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್‌ನಿಂದ ಪಠ್ಯ ತೆಗೆಯುವ ಕೆಲಸವನ್ನು ಹೀಗೆ ಕ್ಲೌಡಿನಲ್ಲಿ ಬಿಡಬಹುದೇ? ಖಂಡಿತ ಬಿಡಿ. ಗಿಟ್‌ಹಬ್ ಕೋಡ್‌ಸ್ಪೇಸಸ್‌ನಲ್ಲಿ ವೈಯಕ್ತಿಕ ಖಾತೆಗೆ ತಿಂಗಳಿಗೆ 120 ಕೋರ್-ಗಂಟೆ ಉಚಿತ. ಎರಡು ಕೋರಿನ ಯಂತ್ರಕ್ಕೆ 60 ಗಂಟೆ. ಆದರೆ 'ಉಳಿಯುತ್ತದೆ' ಎಂಬ ಮಾತಿಗೂ ಅವಧಿ ಇದೆ. ನೀವೇ ಬದಲಿಸದಿದ್ದರೆ, ಮುಟ್ಟದೆ ಬಿಟ್ಟ ಪರಿಸರ 30 ದಿನಕ್ಕೆ ಅಳಿಯುತ್ತದೆ, ಪುಶ್ ಮಾಡದ ಪುಟಗಳೂ ಅದರೊಟ್ಟಿಗೆ ಹೋಗುತ್ತವೆ.